ಬೆರಳು ಅಂಗೈಯತ್ತ ಬಾಗತೊಡಗಿದರೆ: ಡುಪ್ಯುಟ್ರೆನ್ಸ್ ಕಾಂಟ್ರಾಕ್ಚರ್ ಗುರುತಿಸುವುದು, ಅಳೆಯುವುದು, ಚಿಕಿತ್ಸೆ ಪಡೆಯುವುದು

ಬೆಳಿಗ್ಗೆ ಮುಖ ತೊಳೆಯಲು ಬೊಗಸೆಯಲ್ಲಿ ನೀರು ತುಂಬಿಕೊಂಡಾಗ ಉಂಗುರ ಬೆರಳು ಕಣ್ಣಿಗೆ ತಿವಿಯುತ್ತದೆ. ಜೇಬಿಗೆ ಕೈ ಹಾಕಿದರೆ ಕಿರುಬೆರಳು ಅಂಚಿಗೆ ಸಿಕ್ಕಿಕೊಳ್ಳುತ್ತದೆ. ರೊಟ್ಟಿ ತಟ್ಟುವಾಗ ಅಂಗೈ ಹಿಟ್ಟಿನ ಮೇಲೆ ಪೂರ್ತಿಯಾಗಿ ಕೂರುವುದಿಲ್ಲ. ನೋವಿಲ್ಲದ ಕಾರಣ ಇಂಥ ತೊಡಕುಗಳನ್ನು ವರ್ಷಗಟ್ಟಲೆ ಕಡೆಗಣಿಸಿದವರು, ಬೆರಳು ಅರ್ಧ ಮಡಚಿಕೊಂಡ ಮೇಲೆ ಆಸ್ಪತ್ರೆಗೆ ಬರುತ್ತಾರೆ. ಇನ್ನು ಕೆಲವರು ಅಂಗೈಯಲ್ಲಿ ಕಡಲೆ ಗಾತ್ರದ ಗಂಟೊಂದು ಕಂಡ ದಿನವೇ ಕ್ಯಾನ್ಸರ್ ಇರಬಹುದೆಂದು ಹೆದರಿ ಅದನ್ನು ಕತ್ತರಿಸಿ ತೆಗೆಯಿರೆಂದು ಹಟ ಹಿಡಿಯುತ್ತಾರೆ. ಈ ರೋಗದಲ್ಲಿ ಎರಡೂ ತಪ್ಪೇ. ಚಿಕಿತ್ಸೆ ಯಾವಾಗ ಬೇಕು ಎಂಬುದನ್ನು ತೀರ್ಮಾನಿಸುವುದು ಗಂಟಿನ ಗಾತ್ರವೂ ಅಲ್ಲ, ರೋಗಿಯ ಭಯವೂ ಅಲ್ಲ. ಬೆರಳು ಎಷ್ಟು ಡಿಗ್ರಿ ಬಾಗಿದೆ ಮತ್ತು ಯಾವ ಕೀಲಿನಲ್ಲಿ ಬಾಗಿದೆ ಎಂಬ ಎರಡು ಸಂಗತಿಗಳು. ಅವುಗಳನ್ನು ಮನೆಯಲ್ಲಿಯೇ ಅಳೆದುಕೊಳ್ಳಬಹುದು.

ಅಂಗೈಯೊಳಗೆ ಏನಾಗುತ್ತದೆ

ಅಂಗೈಯ ಚರ್ಮವನ್ನು ಚಿವುಟಿ ಎಳೆದು ನೋಡಿ. ಕೈಯ ಹಿಂಬದಿಯ ಚರ್ಮದಂತೆ ಅದು ಸಡಿಲವಾಗಿ ಮೇಲೇಳುವುದಿಲ್ಲ. ಚರ್ಮದ ಕೆಳಗೆ ಬೀಸಣಿಗೆಯಂತೆ ಹರಡಿ, ಪ್ರತಿ ಬೆರಳಿಗೂ ಒಂದೊಂದು ಕವಲು ಕಳುಹಿಸುವ ಗಟ್ಟಿಯಾದ ನಾರಿನ ಪೊರೆಯೊಂದಿದ್ದು, ಅದು ಚರ್ಮವನ್ನು ಬಿಗಿಯಾಗಿ ಹಿಡಿದಿಟ್ಟುಕೊಂಡಿರುತ್ತದೆ. ಪಾತ್ರೆ, ಹಗ್ಗ, ಸಲಿಕೆಯ ಹಿಡಿಯನ್ನು ಹಿಡಿದಾಗ ಚರ್ಮ ಜಾರದಿರುವುದು ಈ ಪೊರೆಯಿಂದಲೇ. ಡುಪ್ಯುಟ್ರೆನ್ ರೋಗ ಬರುವುದು ಈ ಪೊರೆಗೆ. ಬೆರಳನ್ನು ಮಡಚುವ ಸ್ನಾಯುರಜ್ಜುಗಳು ಅದರ ಕೆಳಗೆ ಸುರಕ್ಷಿತವಾಗಿರುತ್ತವೆ. ‘ನರ ಎಳೆದುಕೊಂಡಿದೆ’ ಎಂದು ನಮ್ಮಲ್ಲಿ ಹೇಳುವ ಮಾತು ಇಲ್ಲಿ ಹೊಂದುವುದಿಲ್ಲ, ಏಕೆಂದರೆ ನರವೂ ಕೆಟ್ಟಿರುವುದಿಲ್ಲ.

ಪೊರೆಯಲ್ಲಿರುವ ಕೆಲವು ಜೀವಕೋಶಗಳು ಸ್ನಾಯುಕೋಶಗಳಂತೆ ಕುಗ್ಗುವ ಗುಣ ಪಡೆದು, ಕೊಲಾಜನ್ ಎಂಬ ನಾರನ್ನು ಅಗತ್ಯಕ್ಕಿಂತ ಹೆಚ್ಚು ನೇಯತೊಡಗುತ್ತವೆ. ಗಾಯ ಮಾಯುವಾಗ ಅಂಚುಗಳನ್ನು ಹತ್ತಿರಕ್ಕೆ ಎಳೆಯುವುದೂ ಇದೇ ಬಗೆಯ ಕೋಶಗಳೇ. ಗಾಯದಲ್ಲಿ ಕೆಲಸ ಮುಗಿದೊಡನೆ ಅವು ಸರಿದುಹೋಗುತ್ತವೆ, ಇಲ್ಲಿ ಮಾತ್ರ ನಿಲ್ಲದೆ ಕೆಲಸ ಮುಂದುವರಿಸುತ್ತವೆ. ಮೊದಲು ಒಂದು ಗಂಟು, ಅದರ ಪಕ್ಕದಲ್ಲಿ ಚರ್ಮ ಒಳಕ್ಕೆ ಸೆಳೆದುಕೊಂಡ ಸಣ್ಣ ಕುಳಿ, ಮುಂದೆ ಗಂಟಿನಿಂದ ಬೆರಳಿನತ್ತ ಸಾಗುವ ಹುರಿ, ಕೊನೆಗೆ ಹುರಿ ಗಿಡ್ಡವಾದಂತೆ ಬೆರಳಿನ ಬಾಗು. ಸಾಮಾನ್ಯವಾಗಿ ಇದೇ ಕ್ರಮ. ಮೊದಲು ಸಿಕ್ಕಿಬೀಳುವುದು ಉಂಗುರ ಬೆರಳು ಮತ್ತು ಕಿರುಬೆರಳು. ಗಂಟು ಕಂಡವರೆಲ್ಲರ ಬೆರಳೂ ಬಾಗುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಎಷ್ಟೋ ಜನರಲ್ಲಿ ಗಂಟು ಹತ್ತಾರು ವರ್ಷ ಇದ್ದಲ್ಲಿಯೇ ಇರುತ್ತದೆ. ಇದು ಕ್ಯಾನ್ಸರ್ ಅಲ್ಲ.

ಹೆಸರು ಬಂದುದು ಪ್ಯಾರಿಸ್ಸಿನಿಂದ. ಅಲ್ಲಿನ ಓತೆಲ್ ದ್ಯೂ ಆಸ್ಪತ್ರೆಯ ಶಸ್ತ್ರವೈದ್ಯ ಗಿಯೋಮ್ ಡುಪ್ಯುಟ್ರೆನ್ 1831ರಲ್ಲಿ ದ್ರಾಕ್ಷಾರಸದ ವ್ಯಾಪಾರಿಯೊಬ್ಬನ ಬಾಗಿದ ಬೆರಳುಗಳಿಗೆ ಶಸ್ತ್ರಚಿಕಿತ್ಸೆ ಮಾಡಿ, ದೋಷವಿರುವುದು ಅಂಗೈಯ ಪೊರೆಯಲ್ಲಿ ಎಂದು ಉಪನ್ಯಾಸ ನೀಡಿದ. ಲಂಡನ್ನಿನ ಹೆನ್ರಿ ಕ್ಲೈನ್ 1777ರಲ್ಲಿಯೇ ಶವದ ಕೈಯನ್ನು ಸೀಳಿ ಇದೇ ಮಾತನ್ನು ಕಂಡುಕೊಂಡಿದ್ದ. ಅದಕ್ಕೂ ಮೊದಲು, 1614ರಲ್ಲಿ, ಬಾಸೆಲ್‌ನ ಫೆಲಿಕ್ಸ್ ಪ್ಲಾಟರ್ ಇಂಥ ಕೈಯನ್ನು ವರ್ಣಿಸಿದ್ದನಾದರೂ ದೋಷವನ್ನು ಸ್ನಾಯುರಜ್ಜುವಿನ ಮೇಲೆ ಹೊರಿಸಿದ್ದ. ಕಂಡುಹಿಡಿದವರಿಗಿಂತ ಚೆನ್ನಾಗಿ ಪಾಠ ಹೇಳಿದವನಿಗೆ ಹೆಸರು ಸಲ್ಲುವುದು ವೈದ್ಯಶಾಸ್ತ್ರದಲ್ಲಿ ಹೊಸದೇನಲ್ಲ.

ಯಾರಿಗೆ ಬರುತ್ತದೆ

ಉತ್ತರ ಯುರೋಪಿನ ಮೂಲದವರಲ್ಲಿ ಇದು ಬಹಳ ಸಾಮಾನ್ಯ. ಆದ್ದರಿಂದಲೇ, ಅಲ್ಲಿನ ಹಿಂದಿನ ಕಾಲದ ಕಡಲಯೋಧರ ಹೆಸರಿನಲ್ಲಿ, ‘ವೈಕಿಂಗ್ ರೋಗ’ ಎಂಬ ಅಡ್ಡಹೆಸರು. ಬ್ರಿಟನ್ನಿನ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ 1986ರಲ್ಲಿ, ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ 1989ರಲ್ಲಿ ಇದಕ್ಕಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಈ ರೋಗಕ್ಕೆ ಸಂಬಂಧಿಸಿದ ವಂಶವಾಹಿ ಬದಲಾವಣೆಗಳಲ್ಲಿ ಕೆಲವು, ಅವುಗಳಲ್ಲಿಯೂ ಬಲು ಪ್ರಭಾವಿಯಾದ ಎರಡು, ಅಳಿದುಹೋದ ನಿಯಾಂಡರ್ತಾಲ್ ಮಾನವರಿಂದ ಬಂದವು ಎಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದ ಮೇಲೆ ವೈಕಿಂಗ್ ಕಥೆಯ ಬಣ್ಣ ತುಸು ಮಾಸಿದೆ.

ಭಾರತೀಯರಲ್ಲಿ ರೋಗ ಅಷ್ಟು ಸಾಮಾನ್ಯವಲ್ಲ, ಆದರೆ ಇಲ್ಲವೇ ಇಲ್ಲ ಎನ್ನುವಂತೆಯೂ ಇಲ್ಲ. ಐವತ್ತು ದಾಟಿದ ಗಂಡಸರಲ್ಲಿ ಹೆಚ್ಚು. ಹೆಂಗಸರಲ್ಲಿ ತಡವಾಗಿ ಆರಂಭವಾಗುತ್ತದೆ. ಮನೆತನದಲ್ಲಿ ಇದ್ದರೆ ಸಾಧ್ಯತೆ ಏರುತ್ತದೆ. ಸಕ್ಕರೆ ಕಾಯಿಲೆ, ಮದ್ಯಪಾನ, ಧೂಮಪಾನ, ಮೂರ್ಛೆರೋಗ ಇವುಗಳೊಂದಿಗೂ ನಂಟಿದೆ. ನಮ್ಮ ಓದುಗರಿಗೆ ಇವುಗಳಲ್ಲಿ ಮುಖ್ಯವಾದದ್ದು ಸಕ್ಕರೆ ಕಾಯಿಲೆ. ಅದಿದ್ದವರಲ್ಲಿ ಡುಪ್ಯುಟ್ರೆನ್ ಸಾಮಾನ್ಯವಾಗಿ ಸೌಮ್ಯವಾಗಿರುತ್ತದೆ, ಕಿರುಬೆರಳಿಗಿಂತ ನಡುಬೆರಳು ಮತ್ತು ಉಂಗುರ ಬೆರಳನ್ನು ಹಿಡಿಯುವುದೂ ಉಂಟು. ಕಂಪಿಸುವ ಯಂತ್ರಗಳನ್ನು ದೀರ್ಘಕಾಲ ಕೈಯಲ್ಲಿ ಹಿಡಿದು ದುಡಿದವರಲ್ಲಿಯೂ ಇದು ಹೆಚ್ಚು. ಬ್ರಿಟನ್ 2019ರಲ್ಲಿ ಅಂಥ ಕಾರ್ಮಿಕರಿಗೆ ಬರುವ ಡುಪ್ಯುಟ್ರೆನ್ಸ್ ಕಾಂಟ್ರಾಕ್ಚರನ್ನು ಪರಿಹಾರಕ್ಕೆ ಅರ್ಹವಾದ ಔದ್ಯೋಗಿಕ ರೋಗಗಳ ಪಟ್ಟಿಗೆ ಸೇರಿಸಿತು. ಸಾಧಾರಣ ಮನೆಗೆಲಸ, ಬರವಣಿಗೆ ಅಥವಾ ಕಂಪ್ಯೂಟರ್ ಕೆಲಸವನ್ನು ಇದಕ್ಕೆ ಹೊಣೆ ಮಾಡುವಂತಿಲ್ಲ.

ಮೊದಲ ಹಂತ: ಇದು ಬೇರೆ ರೋಗವಲ್ಲವೆಂದು ಖಚಿತಪಡಿಸಿಕೊಳ್ಳಿ

ಕರ್ನಾಟಕದಲ್ಲಿ ಬಾಗಿದ ಬೆರಳನ್ನು ಕಂಡೊಡನೆ ಡುಪ್ಯುಟ್ರೆನ್ ಎಂದುಕೊಳ್ಳುವುದು ಸರಿಯಲ್ಲ. ಬೇರೆ ಕಾರಣಗಳೇ ಇಲ್ಲಿ ಹೆಚ್ಚು. ಪಾಶ್ಚಾತ್ಯ ಬರಹಗಳು ಅವಸರದಲ್ಲಿ ದಾಟಿಬಿಡುವ ಈ ಹಂತವೇ ನಮಗೆ ಎಲ್ಲಕ್ಕಿಂತ ಮುಖ್ಯವೆಂದು ನನ್ನ ಎಣಿಕೆ.

ಮೊದಲು ಬೆರಳನ್ನು ಮಡಚಿ ಬಿಡಿಸಿ ನೋಡಿ. ಮಡಚಿದ ಬೆರಳು ಸಿಕ್ಕಿಕೊಂಡು, ಇನ್ನೊಂದು ಕೈಯಿಂದ ಎಳೆದಾಗ ‘ಟಕ್’ ಎಂದು ಬಿಡಿಸಿಕೊಂಡರೆ, ಬೆಳಗಿನ ಹೊತ್ತು ತೊಂದರೆ ಹೆಚ್ಚಿದ್ದರೆ, ಬೆರಳಿನ ಬುಡದಲ್ಲಿ ಒತ್ತಿದಾಗ ನೋವಿದ್ದರೆ ಅದು ಬಹುತೇಕ ಟ್ರಿಗರ್ ಫಿಂಗರ್. ಅಲ್ಲಿಯೂ ಗಂಟು ಸಿಗಬಹುದು, ಆದರೆ ಬೆರಳಾಡಿಸಿದಾಗ ಆ ಗಂಟೂ ಹಿಂದೆ ಮುಂದೆ ಸರಿಯುತ್ತದೆ. ಡುಪ್ಯುಟ್ರೆನ್ ಗಂಟು ಚರ್ಮಕ್ಕೆ ಅಂಟಿಕೊಂಡು ಕದಲದೆ ಇರುತ್ತದೆ, ಬೆರಳನ್ನು ಯಾರು ಎಷ್ಟು ಎಳೆದರೂ ಅದು ನೆಟ್ಟಗಾಗುವುದಿಲ್ಲ.

ಎರಡನೆಯದಾಗಿ ಕೈಮುಗಿಯಿರಿ. ಎರಡೂ ಅಂಗೈಗಳನ್ನು ಒತ್ತಿ ಜೋಡಿಸಿದಾಗ ಒಂದೆರಡು ಬೆರಳುಗಳಷ್ಟೇ ಕೂಡಿಕೊಳ್ಳದಿದ್ದರೆ ಡುಪ್ಯುಟ್ರೆನ್ ಇರಬಹುದು; ಎಲ್ಲ ಬೆರಳುಗಳ ನಡುವೆಯೂ ಸಂದು ಉಳಿದು, ಕೈಯ ಚರ್ಮ ದಪ್ಪಗೆ, ಮೇಣದಂತೆ ಆಗಿದ್ದರೆ ಅದು ಹಳೆಯ ಸಕ್ಕರೆ ಕಾಯಿಲೆಯಿಂದ ಕೀಲುಗಳು ಬಿಗಿದಿರುವ ಲಕ್ಷಣ. ಈ ಪರೀಕ್ಷೆಗೆ ವೈದ್ಯರು ಪ್ರಾರ್ಥನೆಯ ಹೆಸರನ್ನೇ ಇಟ್ಟಿದ್ದಾರೆ. ದಿನವೂ ದೇವರಿಗೆ ಕೈಮುಗಿಯುವವರು ಅದನ್ನು ಬೇಗ ಕಂಡುಕೊಳ್ಳಬಹುದು. ಸಕ್ಕರೆ ಕಾಯಿಲೆ ಇದೆಯೆಂದು ಇದುವರೆಗೆ ಗೊತ್ತಿಲ್ಲದವರು, ಇವೆರಡರಲ್ಲಿ ಯಾವುದು ಕಂಡರೂ, ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಮೂರನೆಯದು ಸ್ಪರ್ಶ. ಕಣ್ಣು ಮುಚ್ಚಿಕೊಂಡು ಕಿರುಬೆರಳಿನ ತುದಿಯನ್ನು ಹತ್ತಿಯಿಂದ ಸವರಿಸಿಕೊಳ್ಳಿ. ಅಲ್ಲಿ ಸ್ಪರ್ಶ ಮಂಕಾಗಿದ್ದರೆ, ಬೆರಳಿನ ಬುಡದ ಕೀಲು ಹಿಂದಕ್ಕೆ ವಾಲಿ ನಡುವಿನ ಕೀಲು ಮಾತ್ರ ಮುಂದಕ್ಕೆ ಬಾಗಿ ಹಕ್ಕಿಯ ಉಗುರಿನಂತೆ ಕಾಣುತ್ತಿದ್ದರೆ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಮಾಂಸ ಹಿಂಬದಿಯಲ್ಲಿ ತಗ್ಗಾಗಿದ್ದರೆ ಅದು ಮೊಣಕೈ ಬಳಿ ಹಾದುಬರುವ ಅಲ್ನರ್ ನರದ ದೋಷ. ನಮ್ಮ ನಾಡಿನಲ್ಲಿ ಇದಕ್ಕೆ ಕುಷ್ಠರೋಗವೂ ಒಂದು ಕಾರಣವಾಗಿರುವುದರಿಂದ, ಮೈಮೇಲೆ ಎಲ್ಲಾದರೂ ಸ್ಪರ್ಶವಿಲ್ಲದ ಮಾಸಲು ಮಚ್ಚೆ ಇದೆಯೇ ಎಂದು ನೋಡಬೇಕು. ಸಂಕೋಚಪಟ್ಟು ತಡಮಾಡುವ ವಿಷಯ ಇದಲ್ಲ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಕುಷ್ಠದ ಔಷಧ ಉಚಿತವಾಗಿ ಸಿಗುತ್ತದೆ, ನರ ಸೋತು ಆರು ತಿಂಗಳು ಕಳೆಯುವ ಮೊದಲೇ ಚಿಕಿತ್ಸೆ ಆರಂಭವಾದರೆ ಕೈಯ ಬಲ ಮರಳುವ ಅವಕಾಶ ಹೆಚ್ಚು. ಅಂದಹಾಗೆ, ಕುಷ್ಠದಿಂದ ಬಾಗಿದ ಬೆರಳುಗಳನ್ನು ಸ್ನಾಯುರಜ್ಜು ವರ್ಗಾಯಿಸಿ ನೇರ ಮಾಡುವ ಶಸ್ತ್ರಚಿಕಿತ್ಸೆಯನ್ನು ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಬೆಳೆಸಿದ್ದು ನೆರೆಯ ವೆಲ್ಲೂರಿನಲ್ಲಿ.

ಕೊನೆಯದಾಗಿ ಮಣಿಕಟ್ಟನ್ನು ಒಳಕ್ಕೆ ಬಾಗಿಸಿ ನೋಡಿ. ಹಾಗೆ ಮಾಡಿದಾಗ ಬೆರಳು ಸಲೀಸಾಗಿ ನೆಟ್ಟಗಾದರೆ ತೊಡಕಿರುವುದು ಮುಂದೋಳಿನ ಸ್ನಾಯುಗಳಲ್ಲಿ; ಮುರಿದ ಕೈಗೆ ತೀರಾ ಬಿಗಿಯಾಗಿ ಪಟ್ಟಿ ಕಟ್ಟಿಸಿಕೊಂಡವರಲ್ಲಿ ಹೀಗಾಗುವುದುಂಟು. ಡುಪ್ಯುಟ್ರೆನ್‌ನಲ್ಲಿ ಮಣಿಕಟ್ಟು ಹೇಗಿದ್ದರೂ ಬೆರಳಿನ ಬಾಗು ಬದಲಾಗುವುದಿಲ್ಲ. ಸುಟ್ಟ ಗಾಯದ ಕಲೆ, ಹುಟ್ಟಿನಿಂದಲೇ ಬಾಗಿದ ಕಿರುಬೆರಳು ಇವು ಇತಿಹಾಸ ಕೇಳಿದರೇ ತಿಳಿಯುತ್ತವೆ.

ಎರಡನೆಯ ಹಂತ: ಅಳೆದು ಬರೆದಿಡಿ

ಗಟ್ಟಿಯಾದ ಮೇಜಿನ ಮೇಲೆ ಅಂಗೈ ಕೆಳಗಾಗಿ ಕೈಯಿಟ್ಟು ಒತ್ತಿ. ಅಂಗೈ ಮತ್ತು ಎಲ್ಲ ಬೆರಳುಗಳು ಏಕಕಾಲದಲ್ಲಿ ಮೇಜಿಗೆ ತಾಗಿದರೆ ಸದ್ಯಕ್ಕೆ ಶಸ್ತ್ರಚಿಕಿತ್ಸೆಯ ಮಾತೇ ಬೇಡ. ತಾಗದೆ, ಮೇಜಿಗೂ ಬೆರಳಿಗೂ ನಡುವೆ ಪೆನ್ನು ತೂರುವಷ್ಟು ಸಂದು ಕಂಡರೆ ತಜ್ಞರನ್ನು ಕಾಣುವ ಸಮಯ ಬಂದಿದೆ ಎಂದರ್ಥ. ಆಸ್ಟ್ರೇಲಿಯಾದ ಶಸ್ತ್ರವೈದ್ಯ ಹ್ಯೂಸ್ಟನ್ ಹೇಳಿಕೊಟ್ಟ ಈ ಮೇಜಿನ ಪರೀಕ್ಷೆಗೆ ಖರ್ಚಿಲ್ಲ, ಯಂತ್ರ ಬೇಕಿಲ್ಲ, ಸ್ಕ್ಯಾನಿಂಗ್ ಸೆಂಟರ್‌ಗೆ ಹೋಗಬೇಕಿಲ್ಲ.

ಅದಾದ ಮೇಲೆ ಕೋನ. ಮಕ್ಕಳ ಕಂಪಾಸ್ ಪೆಟ್ಟಿಗೆಯಲ್ಲಿರುವ ಕೋನಮಾಪಕ ಸಾಕು. ಕೈಯನ್ನು ಕಿರುಬೆರಳಿನ ಅಂಚಿನ ಮೇಲೆ ನಿಲ್ಲಿಸಿ, ಬೆರಳನ್ನು ಸಾಧ್ಯವಾದಷ್ಟು ನೀಡಿ, ಮನೆಯವರಿಂದ ನೇರ ಮೇಲಿನಿಂದ ಒಂದು ಫೋಟೋ ತೆಗೆಸಿ. ಬುಡದ ಕೀಲಿನಲ್ಲಿ ನೇರ ಗೆರೆಯಿಂದ ಎಷ್ಟು ಡಿಗ್ರಿ ಬಾಗಿದೆ, ನಡುವಿನ ಕೀಲಿನಲ್ಲಿ ಎಷ್ಟು ಬಾಗಿದೆ ಎಂದು ಬೇರೆ ಬೇರೆಯಾಗಿ ಅಳೆದು ತಾರೀಖಿನ ಸಮೇತ ಬರೆದಿಡಿ. ಆರು ತಿಂಗಳಿಗೊಮ್ಮೆ ಇದೇ ಬಗೆಯಲ್ಲಿ, ಅದೇ ಭಂಗಿಯಲ್ಲಿ ಮಾಡಿದರೆ ಮುಂದೆ ವೈದ್ಯರೆದುರು ‘ಸ್ವಲ್ಪ ಜಾಸ್ತಿಯಾದ ಹಾಗಿದೆ’ ಎನ್ನುವುದರ ಬದಲು ಲೆಕ್ಕ ಒಪ್ಪಿಸಬಹುದು.

ಎರಡು ಕೀಲುಗಳನ್ನು ಬೇರೆಯಾಗಿ ಅಳೆಯಿರಿ ಎಂದದ್ದಕ್ಕೆ ಕಾರಣವಿದೆ, ಇಡೀ ಚಿಕಿತ್ಸೆಯ ಲೆಕ್ಕಾಚಾರ ನಿಂತಿರುವುದು ಅದರ ಮೇಲೆ. ಬೆರಳು ಅಂಗೈಗೆ ಸೇರುವ ಬುಡದ ಕೀಲಿನ ಪಕ್ಕದ ಕಟ್ಟುಗಳು (ಮೂಳೆಗಳನ್ನು ಜೋಡಿಸಿ ಹಿಡಿಯುವ ನಾರಿನ ಪಟ್ಟಿಗಳು) ಬೆರಳು ಮಡಚಿದಾಗಲೇ ಪೂರ್ತಿ ಉದ್ದಕ್ಕೆ ಚಾಚಿಕೊಂಡಿರುತ್ತವೆ. ಆದ್ದರಿಂದ ಆ ಕೀಲು ವರ್ಷಗಟ್ಟಲೆ ಬಾಗಿದ್ದರೂ ಒಳಗೆ ಹೆಚ್ಚು ಕೆಡುವುದಿಲ್ಲ, ಹುರಿಯನ್ನು ಬಿಡಿಸಿದರೆ ಬಹುಮಟ್ಟಿಗೆ ನೆಟ್ಟಗಾಗುತ್ತದೆ. ನಡುವಿನ ಕೀಲಿನ ಸ್ವಭಾವ ಇದಕ್ಕೆ ವಿರುದ್ಧ. ಅದರ ಅಂಗೈ ಬದಿಯಲ್ಲಿರುವ ಕಟ್ಟುಗಳು ಬಾಗಿದ ಸ್ಥಿತಿಯಲ್ಲಿ ಮುದುಡಿಕೊಂಡು ಕ್ರಮೇಣ ಗಿಡ್ಡವಾಗಿಬಿಡುತ್ತವೆ. ಆಮೇಲೆ ಹುರಿಯನ್ನೆಲ್ಲ ತೆಗೆದರೂ ಕೀಲು ಪೂರ್ತಿ ಬಿಡಿಸಿಕೊಳ್ಳುವುದಿಲ್ಲ. ಹೀಗಾಗಿ ಬುಡದ ಕೀಲು 30 ಡಿಗ್ರಿ ಬಾಗುವವರೆಗೆ ಕಾಯಬಹುದು, ನಡುವಿನ ಕೀಲು 15–20 ಡಿಗ್ರಿ ಬಾಗತೊಡಗಿದರೆ ಕಾಯಬಾರದು ಎಂಬುದು ರೂಢಿಯಲ್ಲಿರುವ ಲೆಕ್ಕ. ಗಂಟು ಎಷ್ಟೇ ದೊಡ್ಡದಿರಲಿ, ಬಾಗು ಇಲ್ಲದಿದ್ದರೆ ಅದನ್ನು ಕತ್ತರಿಸುವುದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು, ಏಕೆಂದರೆ ಶಸ್ತ್ರದ ಗಾಯವೇ ಪೊರೆಯನ್ನು ಕೆರಳಿಸಬಲ್ಲದು.

ಜೊತೆಗೆ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿ. ಐವತ್ತಕ್ಕೆ ಮುಂಚೆಯೇ ಆರಂಭವಾಯಿತೇ? ಎರಡೂ ಕೈಗಳಲ್ಲಿದೆಯೇ? ತಂದೆತಾಯಿ, ಅಣ್ಣತಮ್ಮ, ಅಕ್ಕತಂಗಿಯರಲ್ಲಿ ಯಾರಿಗಾದರೂ ಇದೆಯೇ? ಬೆರಳುಗಳ ಹಿಂಬದಿಯ ಗೆಣ್ಣಿನ ಮೇಲೆ ದಪ್ಪ ಮೆತ್ತೆಗಳು, ಅಂಗಾಲಿನಲ್ಲಿ ಗಂಟುಗಳು, ಗಂಡಸರಲ್ಲಿ ಶಿಶ್ನದ ಬಾಗು ಇವೆಯೇ? ‘ಹೌದು’ಗಳು ಹೆಚ್ಚಿದಷ್ಟೂ ರೋಗ ವೇಗವಾಗಿ ಮುಂದುವರಿಯುವ, ಚಿಕಿತ್ಸೆಯ ನಂತರ ಮರಳಿ ಬರುವ ಸಂಭವ ಹೆಚ್ಚು. ಕೊನೆಯ ಪ್ರಶ್ನೆಗೆ ಉತ್ತರಿಸಲು ಸಂಕೋಚವೆನಿಸಿದರೂ ವೈದ್ಯರಿಗೆ ತಿಳಿಸಿ. ಅವರು ಕೇಳಲು ಮರೆತಿರಬಹುದು.

ಮೂರನೆಯ ಹಂತ: ಕಾಯುವ ಕಾಲದಲ್ಲಿ ಮಾಡಬೇಕಾದ್ದು, ಮಾಡಬಾರದ್ದು

ಬೆರಳು ಇನ್ನೂ ಮೇಜಿಗೆ ತಾಗುತ್ತಿದ್ದರೆ ಗಮನಿಸುತ್ತಾ ಇರುವುದೇ ಚಿಕಿತ್ಸೆ. ಎಣ್ಣೆ ತಿಕ್ಕುವುದು, ರಾತ್ರಿಯೆಲ್ಲ ಸ್ಪ್ಲಿಂಟ್ (ಬೆರಳನ್ನು ನೇರವಾಗಿ ಹಿಡಿದಿಡುವ ಆಸರೆಪಟ್ಟಿ) ಕಟ್ಟಿ ಮಲಗುವುದು, ವಿಟಮಿನ್ ಇ ಮಾತ್ರೆ, ಅಲ್ಟ್ರಾಸೌಂಡ್ ಶಾಖ ಇವು ಹುರಿ ಗಿಡ್ಡವಾಗುವುದನ್ನು ತಡೆಯುತ್ತವೆ ಎನ್ನಲು ಆಧಾರವಿಲ್ಲ. ಹಿತವೆನಿಸಿದರೆ ಎಣ್ಣೆ ಸವರಿಕೊಳ್ಳಿ, ಅದಕ್ಕಿಂತ ಹೆಚ್ಚಿನ ನಿರೀಕ್ಷೆ ಬೇಡ. ಬೆರಳನ್ನು ಬಲವಂತವಾಗಿ ಎಳೆದು ನೆಟ್ಟಗೆ ಮಾಡಲು, ಗಂಟಿನ ಮೇಲೆ ಬರೆ ಹಾಕಲು ಯಾರಿಗೂ ಕೈ ಕೊಡಬೇಡಿ. ಚರ್ಮ ಹರಿದು ಅಥವಾ ಸುಟ್ಟು ಉಂಟಾಗುವ ಕಲೆ ಮುಂದಿನ ಶಸ್ತ್ರಚಿಕಿತ್ಸೆಯನ್ನು ಕಷ್ಟಗೊಳಿಸುತ್ತದೆ.

ಗಂಟು ನೋಯುತ್ತಿದ್ದರೆ ಅದರೊಳಗೆ ಸ್ಟಿರಾಯ್ಡ್ ಚುಚ್ಚುಮದ್ದು ಕೊಡುವುದುಂಟು. ಗಂಟು ಮೆತ್ತಗಾಗುತ್ತದೆ, ಬಾಗಿದ ಬೆರಳು ನೆಟ್ಟಗಾಗುವುದಿಲ್ಲ. ಸಕ್ಕರೆ ಕಾಯಿಲೆಯವರಲ್ಲಿ ಈ ಚುಚ್ಚುಮದ್ದಿನ ನಂತರ ಕೆಲವು ದಿನ ಸಕ್ಕರೆಯ ಮಟ್ಟ ಏರುವುದರಿಂದ ಮೊದಲೇ ತಿಳಿಸಬೇಕು. ಜರ್ಮನಿಯಲ್ಲಿ ಆರಂಭದ ಗಂಟುಗಳಿಗೆ ಕಡಿಮೆ ಪ್ರಮಾಣದ ವಿಕಿರಣ ಕೊಡುವ ಪದ್ಧತಿ ಬಳಕೆಯಲ್ಲಿದೆ; ಐದು ದಿನ, ಸುಮಾರು ಮೂರು ತಿಂಗಳ ಬಿಡುವು, ಮತ್ತೆ ಐದು ದಿನ, ಒಟ್ಟು 30 ಗ್ರೇ (ವಿಕಿರಣದ ಪ್ರಮಾಣ ಅಳೆಯುವ ಮಾನ). ಪ್ರಾಣಕ್ಕೆ ಅಪಾಯವಿಲ್ಲದ, ಮುಂದುವರಿಯದೆಯೂ ಇರಬಹುದಾದ ಗಂಟಿಗೆ ವಿಕಿರಣ ಪಡೆಯುವುದನ್ನು, ಅದರಲ್ಲಿಯೂ ಕಿರಿಯರು, ಎರಡು ಸಲ ಯೋಚಿಸಬೇಕೆಂಬುದು ನನ್ನ ಅಭಿಪ್ರಾಯ. ಕೀಲುವಾತಕ್ಕೆ ಬಳಸುವ ಅಡಾಲಿಮುಮ್ಯಾಬ್ ಔಷಧವನ್ನು ಗಂಟಿನೊಳಕ್ಕೆ ಮೂರು ತಿಂಗಳಿಗೊಮ್ಮೆ ಒಂದು ವರ್ಷ ಕೊಟ್ಟಾಗ ಗಂಟು ಮೆದುವಾಗಿ ಕಿರಿದಾಯಿತೆಂದು ಬ್ರಿಟನ್ನಿನ ಪ್ರಯೋಗವೊಂದು 2022ರಲ್ಲಿ ವರದಿ ಮಾಡಿದೆ. ಬಾಗುವುದನ್ನು ಅದು ತಡೆಯುತ್ತದೆಂದು ಆ ಪ್ರಯೋಗ ತೋರಿಸಿಲ್ಲ.

ನಾಲ್ಕನೆಯ ಹಂತ: ಬಾಗಿದ ಬೆರಳನ್ನು ಬಿಡಿಸುವ ದಾರಿಗಳು

ಇದಕ್ಕೆ ಕಾಣಬೇಕಾದವರು ಕೈಯ ಶಸ್ತ್ರಚಿಕಿತ್ಸೆಯಲ್ಲಿ ಪಳಗಿದ ಪ್ಲಾಸ್ಟಿಕ್ ಸರ್ಜನ್ ಅಥವಾ ಮೂಳೆ ತಜ್ಞರು. ನಮ್ಮಲ್ಲಿ ಈ ರೋಗ ಅಪರೂಪವಾದ್ದರಿಂದ, ‘ಇಂಥ ಎಷ್ಟು ಕೈಗಳನ್ನು ಮಾಡಿದ್ದೀರಿ?’ ಎಂದು ವಿನಯದಿಂದ ಕೇಳುವುದರಲ್ಲಿ ತಪ್ಪಿಲ್ಲ. ಯಾವ ಚಿಕಿತ್ಸೆಯೂ ರೋಗವನ್ನು ಬೇರುಸಹಿತ ಕೀಳುವುದಿಲ್ಲ, ಬಾಗಿದ ಬೆರಳನ್ನು ಬಿಡಿಸುತ್ತದೆ ಅಷ್ಟೇ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ದಾರಿ ಆರಿಸಬೇಕು.

ಎಲ್ಲಕ್ಕಿಂತ ಸರಳವಾದದ್ದು ಸೂಜಿಯ ವಿಧಾನ. 1970ರ ದಶಕದಿಂದ ಫ್ರಾನ್ಸಿನ ಕೀಲುರೋಗ ತಜ್ಞರು ಇದನ್ನು ಬಳಕೆಗೆ ತಂದರು. ಚರ್ಮಕ್ಕಷ್ಟೇ ಅರಿವಳಿಕೆ ಕೊಟ್ಟು, ಸಾಮಾನ್ಯ ಇಂಜೆಕ್ಷನ್ ಸೂಜಿಯ ಮೊನೆಯಿಂದ ಹುರಿಯನ್ನು ಎರಡು ಮೂರು ಕಡೆ ಕೊಯ್ದು ದುರ್ಬಲಗೊಳಿಸಿ, ಬೆರಳನ್ನು ಎಳೆದಾಗ ಹುರಿ ‘ಪಟ್’ ಎಂದು ಕಡಿಯುತ್ತದೆ. ಅರಿವಳಿಕೆಯನ್ನು ಬೇಕೆಂದೇ ಮಿತವಾಗಿ ಕೊಡುತ್ತಾರೆ. ಸೂಜಿ ನರವನ್ನು ಸೋಕಿದರೆ ಬೆರಳ ತುದಿ ಜುಮ್ಮೆನ್ನುತ್ತದೆ, ಆ ಕ್ಷಣವೇ ರೋಗಿ ಹೇಳಬೇಕು. ಒಂದು ಗಂಟೆಯೊಳಗೆ ಮನೆಗೆ ಹೊರಡಬಹುದು, ಕೆಲವೇ ದಿನಗಳಲ್ಲಿ ಹಗುರ ಕೆಲಸಕ್ಕೆ ಮರಳಬಹುದು. ಬುಡದ ಕೀಲು ಬಾಗಿ, ಅಂಗೈಯಲ್ಲಿ ಹುರಿ ಚರ್ಮದಡಿ ಎದ್ದು ಕಾಣುವವರಿಗೆ ಇದು ಚೆನ್ನಾಗಿ ಒಪ್ಪುತ್ತದೆ. ಕೊರತೆಯೆಂದರೆ ಬಾಗು ಬೇಗ ಮರಳುತ್ತದೆ: ನೆದರ್‌ಲ್ಯಾಂಡ್ಸ್‌ನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ, ಐದು ವರ್ಷಗಳೊಳಗೆ ಸೂಜಿ ಚಿಕಿತ್ಸೆ ಪಡೆದವರಲ್ಲಿ ಸುಮಾರು 85 ಶೇಕಡದಷ್ಟು, ಶಸ್ತ್ರಚಿಕಿತ್ಸೆಯಾದವರಲ್ಲಿ ಸುಮಾರು 21 ಶೇಕಡದಷ್ಟು ಮರುಕಳಿಕೆ ಕಂಡಿತು. ಆದರೂ ವಯಸ್ಸಾದವರು, ಹೃದ್ರೋಗಿಗಳು, ಬೇಗ ಕೆಲಸಕ್ಕೆ ಹೋಗಲೇಬೇಕಾದವರು ಇದನ್ನು ಆರಿಸಿಕೊಳ್ಳುವುದುಂಟು, ಏಕೆಂದರೆ ಬೇಕಾದಾಗ ಮತ್ತೊಮ್ಮೆ ಮಾಡಿಸಬಹುದು.

ಅಮೆರಿಕದಲ್ಲಿರುವ ಮಕ್ಕಳು ‘ಇಲ್ಲಿ ಇಂಜೆಕ್ಷನ್ ಸಾಕು, ಆಪರೇಷನ್ ಬೇಡ’ ಎಂದು ಫೋನಿನಲ್ಲಿ ಹೇಳಿದರೆ ಅವರು ಹೇಳುತ್ತಿರುವುದು ಕೊಲಾಜನೇಸ್ ಬಗ್ಗೆ. ಒಂದು ಬ್ಯಾಕ್ಟೀರಿಯಾದಿಂದ ಪಡೆದ ಈ ಕಿಣ್ವವನ್ನು ಹುರಿಯೊಳಗೆ ಚುಚ್ಚಿ, ಒಂದರಿಂದ ಮೂರು ದಿನಗಳೊಳಗೆ ಬೆರಳನ್ನು ಎಳೆದು ಹುರಿಯನ್ನು ಕಡಿಯುತ್ತಾರೆ. ಅಮೆರಿಕದಲ್ಲಿ 2010ರಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ಯುರೋಪಿನ ಮಾರುಕಟ್ಟೆಯಿಂದ 2020ರಲ್ಲಿ ವ್ಯಾಪಾರದ ಕಾರಣಗಳಿಗಾಗಿ ಹಿಂದೆ ಸರಿಯಿತು. ಕೈ ಊದಿಕೊಂಡು ನೀಲಿಗಟ್ಟುವುದು, ಚರ್ಮ ಹರಿಯುವುದು ಸಾಮಾನ್ಯ; ಸ್ನಾಯುರಜ್ಜು ಕಡಿಯುವುದು ಅಪರೂಪವಾದರೂ ಗಂಭೀರ. ಬ್ರಿಟನ್ನಿನಲ್ಲಿ 672 ಜನರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದು ವರ್ಷದ ನಂತರ ಈ ಚುಚ್ಚುಮದ್ದು ಶಸ್ತ್ರಚಿಕಿತ್ಸೆಗೆ ಸರಿಸಾಟಿಯೆಂದು ಸಾಬೀತಾಗಲಿಲ್ಲ. ಅದಕ್ಕಾಗಿಯೇ ವಿಮಾನ ಹತ್ತಬೇಕಾದ್ದಿಲ್ಲ.

ಮೂರನೆಯದು ರೋಗ ತಗುಲಿದ ಪೊರೆಯನ್ನು ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆ. ತೋಳನ್ನಷ್ಟೇ ಮರಗಟ್ಟಿಸಿ ಅಥವಾ ಪೂರ್ತಿ ಮಂಪರಿನಲ್ಲಿ, ತೋಳಿಗೆ ಪಟ್ಟಿ ಬಿಗಿದು ರಕ್ತ ಹರಿಯದಂತೆ ಮಾಡಿ, ಅಂಗೈಯಿಂದ ಬೆರಳಿನವರೆಗೆ ಅಂಕುಡೊಂಕಾದ ಗೆರೆಯಲ್ಲಿ ಚರ್ಮ ಬಿಡಿಸುತ್ತಾರೆ. ನೇರ ಗೆರೆಯಲ್ಲಿ ಕೊಯ್ದರೆ ಕಲೆಯೇ ಮುಂದೆ ಬೆರಳನ್ನು ಎಳೆಯುತ್ತದೆ. ಇಲ್ಲಿನ ನಿಜವಾದ ಕೌಶಲ ಹುರಿ ತೆಗೆಯುವುದರಲ್ಲಿಲ್ಲ, ಅದರ ಸುತ್ತ ಬಳ್ಳಿಯಂತೆ ಸುತ್ತಿಕೊಂಡು ತನ್ನ ಜಾಗ ಬಿಟ್ಟು ಚರ್ಮದ ಹತ್ತಿರಕ್ಕೆ ಬಂದಿರುವ ಬೆರಳಿನ ನರ ಮತ್ತು ರಕ್ತನಾಳವನ್ನು ಉಳಿಸುವುದರಲ್ಲಿದೆ. ನರಕ್ಕೆ ಪೆಟ್ಟಾದರೆ ಬೆರಳಿನ ಒಂದು ಬದಿಯ ಸ್ಪರ್ಶ ಹೋಗುತ್ತದೆ. ಎರಡನೆಯ ಸಲ ಶಸ್ತ್ರಚಿಕಿತ್ಸೆ ಮಾಡುವಾಗ ಈ ಅಪಾಯ ಇನ್ನೂ ಹೆಚ್ಚು. ಸೋಂಕು, ರಕ್ತ ಕಟ್ಟುವುದು, ಚರ್ಮದ ಅಂಚು ಕಪ್ಪಾಗುವುದು, ಕೈ ಬಿಗಿಯುವುದು ಉಳಿದ ತೊಡಕುಗಳು. ಬಹಳ ಬಾಗಿದ ಬೆರಳನ್ನು ಬಿಡಿಸಿದಾಗ ಚರ್ಮ ಸಾಲದೆ ಹೋದರೆ ಅಂಗೈಯ ಅಡ್ಡ ಗಾಯವನ್ನು ಹೊಲಿಯದೆ ಬಿಟ್ಟು ತಾನಾಗಿ ಮಾಯಲು ಬಿಡುವ ಪದ್ಧತಿಯೂ ಇದೆ. ಡುಪ್ಯುಟ್ರೆನ್ ಮಾಡುತ್ತಿದ್ದುದು ಹಾಗೆಯೇ, 1964ರಲ್ಲಿ ಶಸ್ತ್ರವೈದ್ಯ ಮೆಕ್ಯಾಶ್ ಅದನ್ನು ಮತ್ತೆ ಬಳಕೆಗೆ ತಂದ. ತೆರೆದ ಗಾಯ ಕಂಡು ಮನೆಯವರು ಹೆದರುತ್ತಾರೆ, ಆದರೆ ಕೆಲವು ವಾರಗಳಲ್ಲಿ ಅದು ಚೆನ್ನಾಗಿಯೇ ಕೂಡಿಕೊಳ್ಳುತ್ತದೆ. ರೋಗ ಮರಳಿ ಬಂದ ಕಿರಿಯರಲ್ಲಿ ಮೇಲಿನ ಚರ್ಮವನ್ನೂ ತೆಗೆದು ತೋಳಿನಿಂದ ಚರ್ಮದ ಕಸಿ ಮಾಡುತ್ತಾರೆ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ನನ್ನ ಯಾವ ಕೀಲು ಎಷ್ಟು ನೆಟ್ಟಗಾಗಬಹುದು, ನಡುವಿನ ಕೀಲಿನಲ್ಲಿ ಎಷ್ಟು ಬಾಗು ಉಳಿಯಬಹುದು, ನಂತರದ ವ್ಯಾಯಾಮವನ್ನು ಯಾರು ಹೇಳಿಕೊಡುತ್ತಾರೆ ಎಂದು ಕೇಳಿ. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು ತಾವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು. ಬೀಡಿ ಸಿಗರೇಟು ಬಿಡಬೇಕು, ಸಕ್ಕರೆಯ ಮಟ್ಟ ಹತೋಟಿಗೆ ಬಂದಿರಬೇಕು. ಇವೆರಡೂ ಗಾಯ ಮಾಯುವುದನ್ನು ನೇರವಾಗಿ ನಿರ್ಧರಿಸುತ್ತವೆ. ಉಂಗುರವನ್ನು ಹಿಂದಿನ ದಿನವೇ ತೆಗೆದಿಡಿ, ಊದಿದ ಮೇಲೆ ಕತ್ತರಿಸಬೇಕಾಗುತ್ತದೆ.

ಐದನೆಯ ಹಂತ: ಶಸ್ತ್ರಚಿಕಿತ್ಸೆಯ ನಂತರದ ವಾರಗಳು

ಮೊದಲ ಮೂರು ನಾಲ್ಕು ದಿನ ಕೈ ಎದೆಗಿಂತ ಮೇಲಿರಲಿ. ಮಲಗುವಾಗ ಎರಡು ದಿಂಬಿನ ಮೇಲೆ ಇಡಿ. ಕೈಯನ್ನು ಜೋಲಿಗೆ ಹಾಕಿಕೊಂಡು ದಿನವಿಡೀ ಕೆಳಗೆ ನೇತುಬಿಟ್ಟರೆ ಊತ ಇಳಿಯುವುದಿಲ್ಲ, ಭುಜವೂ ಹಿಡಿದುಕೊಳ್ಳುತ್ತದೆ. ಬ್ಯಾಂಡೇಜಿನ ಹೊರಗಿರುವ ಬೆರಳುಗಳನ್ನೂ ಮೊಣಕೈ ಭುಜಗಳನ್ನೂ ಮೊದಲ ದಿನದಿಂದಲೇ ಆಡಿಸಿ. ಬಲಗೈಗೆ ಆಗಿದ್ದರೆ ಅನ್ನ ಕಲಸಿ ಉಣ್ಣುವ ಆಸೆಯನ್ನು ಗಾಯ ಮಾಯುವವರೆಗೆ ಮುಂದೂಡಿ ಎಡಗೈಯಲ್ಲಿ ಚಮಚ ಹಿಡಿಯಿರಿ. ಬ್ಯಾಂಡೇಜ್ ನೆನೆಯಬಾರದು.

ಬ್ಯಾಂಡೇಜ್ ಸಡಿಲವಾದ ಮೇಲೆ, ವೈದ್ಯರು ಒಪ್ಪಿದ ದಿನದಿಂದ, ಎಚ್ಚರವಿರುವ ಹೊತ್ತಿನಲ್ಲಿ ಎರಡು ಗಂಟೆಗೊಮ್ಮೆ ಈ ಕ್ರಮದಲ್ಲಿ ಬೆರಳಾಡಿಸಬೇಕು. ಬೆರಳುಗಳನ್ನು ಸಾಧ್ಯವಾದಷ್ಟು ನೀಡಿ. ಬುಡದ ಕೀಲು ನೇರವಿಟ್ಟು ಮುಂದಿನ ಎರಡು ಕೀಲುಗಳನ್ನಷ್ಟೇ ಕೊಕ್ಕೆಯಂತೆ ಬಾಗಿಸಿ. ಆಮೇಲೆ ಪೂರ್ತಿ ಮುಷ್ಟಿ ಕಟ್ಟಿ. ಕೊನೆಗೆ ಬೆರಳುಗಳನ್ನು ಅಗಲಿಸಿ ಕೂಡಿಸಿ. ಪ್ರತಿಯೊಂದು ಭಂಗಿಯಲ್ಲಿ ಐದು ಎಣಿಸಿ, ಹತ್ತು ಸಲ. ನೆಟ್ಟಗಾದ ಬೆರಳಿನ ಸಂಭ್ರಮದಲ್ಲಿ ಮುಷ್ಟಿ ಕಟ್ಟುವುದನ್ನು ಮರೆಯುವವರು ಬಹಳ. ಬೆರಳು ನೇರವಾಗಿ ಬಿಗಿದುಬಿಟ್ಟರೆ ಬಾಗಿದ್ದಾಗಿನದಕ್ಕಿಂತ ಹೆಚ್ಚು ಅಡಚಣೆ. ರಾತ್ರಿಯ ಸ್ಪ್ಲಿಂಟ್ ಎಲ್ಲರಿಗೂ ಬೇಕೆಂಬ ಹಳೆಯ ನಂಬಿಕೆಯನ್ನು ಬ್ರಿಟನ್ನಿನ ಪ್ರಯೋಗವೊಂದು 2011ರಲ್ಲಿ ಅಲ್ಲಗಳೆಯಿತು. ಬೆರಳು ಮತ್ತೆ ಬಾಗತೊಡಗಿದವರಿಗೆ ಮಾತ್ರ ಅದನ್ನು ಕೊಟ್ಟರೆ ಸಾಕು.

ಹೊಲಿಗೆ ಬಿಚ್ಚುವುದು ಸಾಮಾನ್ಯವಾಗಿ 10ರಿಂದ 14 ದಿನಗಳಲ್ಲಿ. ಗಾಯ ಪೂರ್ತಿ ಮುಚ್ಚಿದ ಮೇಲೆ ಕೊಬ್ಬರಿ ಎಣ್ಣೆಯನ್ನೋ ಮಾಯಿಶ್ಚರೈಸರನ್ನೋ ಹಚ್ಚಿ ಕಲೆಯನ್ನು ದಿನಕ್ಕೆ ಮೂರು ಸಲ ಹೆಬ್ಬೆರಳಿನಿಂದ ಗಟ್ಟಿಯಾಗಿ ವೃತ್ತಾಕಾರದಲ್ಲಿ ತಿಕ್ಕಿ. ಕಲೆ ಮೆತ್ತಗಾಗಲು ತಿಂಗಳುಗಳು ಬೇಕು. ಮುಷ್ಟಿ ಸರಿಯಾಗಿ ಕಟ್ಟಲು ಬಂದು, ಬ್ರೇಕನ್ನು ನೋವಿಲ್ಲದೆ ಹಿಡಿಯಲು ಸಾಧ್ಯವಾಗುವವರೆಗೆ ಸ್ಕೂಟರ್ ಓಡಿಸಬೇಡಿ. ಗುದ್ದಲಿ ಹಿಡಿಯುವ, ಮೂಟೆ ಎತ್ತುವ ಕೆಲಸಕ್ಕೆ ಆರರಿಂದ ಹನ್ನೆರಡು ವಾರ ಬಿಡುವು ಬೇಕಾಗುತ್ತದೆ.

ಬೆರಳ ತುದಿ ಬಿಳಿಚಿಕೊಂಡು ತಣ್ಣಗಾದರೆ ಅಥವಾ ನೀಲಿಗಟ್ಟಿದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಕೀವು, ಜ್ವರ, ದಿನದಿಂದ ದಿನಕ್ಕೆ ಏರುವ ನೋವು ಇವೂ ಹಾಗೆಯೇ. ಇನ್ನೊಂದು ತೊಡಕು ಮೂರನೆಯ ವಾರದ ಹೊತ್ತಿಗೆ ತಲೆಯೆತ್ತುತ್ತದೆ: ಇಡೀ ಕೈ ಊದಿ, ಕೆಂಪಾಗಿ, ಬೆವರುತ್ತ, ಗಾಳಿ ಸೋಕಿದರೂ ಉರಿಯುವಂತಾಗಿ ಬೆರಳುಗಳು ಬಿಗಿಯುತ್ತವೆ. ‘ಆಪರೇಷನ್ ಆದ ಮೇಲೆ ನೋವು ಇರುವುದೇ’ ಎಂದು ಸುಮ್ಮನಿರದೆ ಕೂಡಲೇ ತೋರಿಸಿದರೆ ಔಷಧ ಮತ್ತು ವ್ಯಾಯಾಮದಿಂದ ಹತೋಟಿಗೆ ತರಬಹುದು.

ಮೂರು ತಿಂಗಳ ನಂತರ ಕೈ ನೆಲೆಗೆ ಬಂದಾಗ ಮೇಜಿನ ಮೇಲೆ ಕೈಯಿಟ್ಟು ಹೊಸದೊಂದು ಫೋಟೋ ತೆಗೆಸಿ, ಎರಡೂ ಕೀಲುಗಳ ಕೋನ ಬರೆದಿಡಿ. ಇನ್ನು ಮುಂದೆ ಹೋಲಿಸಬೇಕಾದದ್ದು ಇದರೊಂದಿಗೆ, ಶಸ್ತ್ರಚಿಕಿತ್ಸೆಗೆ ಮುಂಚಿನ ಕೋನದೊಂದಿಗಲ್ಲ. ವರ್ಷಕ್ಕೊಮ್ಮೆ ಇನ್ನೊಂದು ಕೈಯನ್ನೂ ಜೊತೆಗೆ ಅಳೆಯಿರಿ. ಬುಡದ ಕೀಲಿನಲ್ಲಿ ಬಾಗು ಮರಳಿದರೆ ಸೂಜಿಯ ವಿಧಾನದ ಬಗ್ಗೆ ವಿಚಾರಿಸಲು ಸಮಯವಿರುತ್ತದೆ; ನಡುವಿನ ಕೀಲಿನಲ್ಲಿ ಮರಳಿದರೆ ಅದೇ ತಿಂಗಳು ತಜ್ಞರನ್ನು ಕಾಣಬೇಕು.